ಮೊದಲ ಒಳ್ಳೆಯ ಪೂಲ್ ಕ್ಯೂ: ಮಲೆನಾಡಿನವರು ಏನನ್ನು ನೋಡಿ ಕೊಳ್ಳಬೇಕು?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿಯ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಕೆಲಸ ಮುಗಿದ ಮೇಲೆ ಪೇಟೆಯ ಒಂದು ಪೂಲ್ ಪಾರ್ಲರ್‌ನಲ್ಲಿ ಎಯ್ಟ್ ಬಾಲ್ ಮತ್ತು ನೈನ್ ಬಾಲ್ ಎಂಬ ಪೂಲ್ ಆಟಗಳನ್ನು ಆಡುತ್ತೇನೆ. ಇದುವರೆಗೆ ಅಲ್ಲಿನ ಸ್ಟ್ಯಾಂಡಿನಲ್ಲಿರುವ ಕ್ಯೂಗಳಲ್ಲೇ (ಚೆಂಡು ಹೊಡೆಯುವ ಕೋಲುಗಳಲ್ಲೇ) ಆಡಿದ್ದೇನೆ. ಒಂದರ ಟಿಪ್ (ತುದಿಯ ಚರ್ಮ) ಸವೆದು ಫೆರೂಲ್‌ಗೆ (ಅದರ ಹಿಂದಿನ ಬಳೆಗೆ) ತಾಗುವಂತಿರುತ್ತದೆ, ಇನ್ನೊಂದು ತೀರ ಹಗುರ, ಮತ್ತೊಂದನ್ನು ಟೇಬಲ್ ಮೇಲೆ ಉರುಳಿಸಿದರೆ ತುದಿ ಕುಣಿಯುತ್ತದೆ. ಹೊಡೆತ ತಪ್ಪಿದಾಗ ತಪ್ಪಿದ್ದು ನನ್ನ ಕೈಯೋ ಕ್ಯೂವೋ ಎಂಬುದೇ ತಿಳಿಯದ ಕಾರಣ ಆಟವನ್ನು ತಿದ್ದಿಕೊಳ್ಳುವ ದಾರಿ ಕಾಣುತ್ತಿಲ್ಲ. ಆದ್ದರಿಂದ ಸ್ವಂತಕ್ಕೆ ಒಂದು ಒಳ್ಳೆಯ ಕ್ಯೂ ಕೊಳ್ಳಬೇಕೆಂದು 15,000 ರೂಪಾಯಿ ತೆಗೆದಿಟ್ಟಿದ್ದೇನೆ.

ತೂಕ ಎಷ್ಟಿರಬೇಕು? ಸಾಮಾನ್ಯ ಮೇಪಲ್ ಮರದ ಶಾಫ್ಟ್ (ಕ್ಯೂನ ಮುಂದಿನ ತೆಳು ಭಾಗ) ಸಾಕೋ ಅಥವಾ ಚೆಂಡನ್ನು ಪಕ್ಕಕ್ಕೆ ಕಡಿಮೆ ಸರಿಸುವ ಲೋ ಡಿಫ್ಲೆಕ್ಷನ್ ಶಾಫ್ಟ್ ಬೇಕೋ? ಅದೇ ಪಾರ್ಲರ್‌ನಲ್ಲಿ ಸ್ನೂಕರ್ ಟೇಬಲ್ ಕೂಡ ಇರುವುದರಿಂದ ಎರಡಕ್ಕೂ ಒಂದೇ ಕ್ಯೂ ಆಗುತ್ತದೆಯೇ ಎಂಬುದೂ ನನ್ನ ಸಂದೇಹ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಭದ್ರಾವತಿ ಆಟಗಾರ:

ಕೊನೆಯ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ತೀರ್ಮಾನವಾಗದೆ ಉಳಿದ ಪ್ರಶ್ನೆಗಳಿಗೆ ಅರ್ಥವಿಲ್ಲ. ಎರಡಕ್ಕೂ ಒಂದೇ ಕ್ಯೂ ಆಗುವುದಿಲ್ಲ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ., ಪೂಲ್ ಚೆಂಡಿನದು 57.15 ಮಿ.ಮೀ.; ತೂಕದಲ್ಲಿಯೂ ಪೂಲ್ ಚೆಂಡೇ ಹೆಚ್ಚು. ಸ್ನೂಕರ್ ಕ್ಯೂನ ಟಿಪ್ 9ರಿಂದ 10 ಮಿ.ಮೀ. ಇರುತ್ತದೆ, ಅದರ ಹಿಂದೆ ಹಿತ್ತಾಳೆಯ ಫೆರೂಲ್, ಆಮೇಲೆ ತೆಳ್ಳಗಿನ ಆ್ಯಶ್ ಮರ. ಅದರಲ್ಲಿ ದಿನವೂ ಪೂಲ್ ಆಡಿ, ಜೋರಾಗಿ ಬ್ರೇಕ್ (ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಹೊಡೆಯುತ್ತ ಹೋದರೆ ಮೊದಲು ಟಿಪ್ ಚಪ್ಪಟೆಯಾಗಿ ಅಂಚು ಹೊರಚಾಚುತ್ತದೆ, ಬಳಿಕ ಫೆರೂಲ್ ಸಡಿಲಾಗುತ್ತದೆ. ನೀವು ಹೆಚ್ಚು ಆಡುವುದು ಪೂಲ್ ಆಗಿರುವುದರಿಂದ ಪೂಲ್ ಕ್ಯೂವನ್ನೇ ಕೊಳ್ಳಿ. ಸ್ನೂಕರ್‌ಗೆ ಸದ್ಯಕ್ಕೆ ಪಾರ್ಲರ್‌ನ ಕ್ಯೂ ಇರಲಿ. ಪಂಕಜ್ ಆಡ್ವಾಣಿಯವರಂಥ ವಿಶ್ವ ಚಾಂಪಿಯನ್ನರು ಆಡಿ ಬೆಳೆದ ಬೆಂಗಳೂರಿನಲ್ಲಿ ಸ್ನೂಕರ್ ಕ್ಯೂ ಸಿಗುವಷ್ಟು ಸುಲಭವಾಗಿ ಒಳ್ಳೆಯ ಪೂಲ್ ಕ್ಯೂ ಸಿಗುವುದಿಲ್ಲ. ಅಂಗಡಿಯವರು ಸ್ನೂಕರ್ ಕ್ಯೂವನ್ನೇ ಪೂಲ್‌ಗೂ ಬಳಸಬಹುದೆಂದು ಹೇಳಿದರೆ ಒಪ್ಪಬೇಡಿ.

ತೂಕದ ಬಗ್ಗೆ ಹೆಚ್ಚು ಚಿಂತಿಸುವ ಅಗತ್ಯವಿಲ್ಲ. ಹೆಚ್ಚಿನ ಪೂಲ್ ಕ್ಯೂಗಳು 18ರಿಂದ 21 ಔನ್ಸ್ ಇರುತ್ತವೆ. 19 ಔನ್ಸ್, ಅಂದರೆ ಸುಮಾರು 540 ಗ್ರಾಂ, ಆರಂಭಕ್ಕೆ ಸರಿಯಾಗಿದೆ. ಭಾರದ ಕ್ಯೂನಿಂದ ಚೆಂಡು ಜೋರಾಗಿ ಓಡುತ್ತದೆಂದು ಹಲವರು ನಂಬಿದ್ದಾರೆ. ಕೈಯ ವೇಗ ಅಷ್ಟೇ ಇದ್ದು ಕ್ಯೂ ಒಂದು ಔನ್ಸ್ ಭಾರವಾದರೆ ಚೆಂಡಿಗೆ ಸಿಗುವ ಹೆಚ್ಚಿನ ವೇಗ ನೂರಕ್ಕೆ ಒಂದೆರಡು ಪಾಲು ಮಾತ್ರ. ಅನೇಕ ಕ್ಯೂಗಳ ಬಟ್‌ನ (ಕೈಯಲ್ಲಿ ಹಿಡಿಯುವ ದಪ್ಪ ಭಾಗದ) ಕೆಳಗಿನ ರಬ್ಬರ್ ಬಂಪರ್ ತೆಗೆದರೆ ಒಳಗೆ ತೂಕದ ಬೋಲ್ಟ್ ಇರುತ್ತದೆ, ಅದನ್ನು ಬದಲಿಸಿ ತೂಕವನ್ನು ಹೊಂದಿಸಿಕೊಳ್ಳಬಹುದು. ಉದ್ದ 58 ಇಂಚು ಇರಲಿ.

ಸಾಗರದವನು:

ಹಣವನ್ನು ಎಲ್ಲಿ ಹಾಕಬೇಕೆಂಬುದು ಮುಖ್ಯ ಪ್ರಶ್ನೆಯಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ. ಕ್ಯೂನ ಬೆಲೆಯನ್ನು ಏರಿಸುವುದು ಬಟ್‌ನ ಕುಸುರಿ, ಬಣ್ಣ ಮತ್ತು ಹಿಡಿಯ ಸುತ್ತಿನ ಚರ್ಮ. ಆಟವನ್ನು ನಿರ್ಧರಿಸುವುದು ಶಾಫ್ಟ್, ಅದರಲ್ಲಿಯೂ ತುದಿಯ ಆರೆಂಟು ಇಂಚು. ಬಿಳಿ ಚೆಂಡಿನ ನಡುವಿಗೆ ಹೊಡೆಯದೆ ಬಲಭಾಗಕ್ಕೆ ಸೈಡ್ ಕೊಟ್ಟು ಹೊಡೆದಾಗ ಚೆಂಡು ಕ್ಯೂ ತೋರಿದ ದಿಕ್ಕಿನಲ್ಲೇ ಹೋಗದೆ ತುಸು ಎಡಕ್ಕೆ ಸರಿಯುತ್ತದೆ. ಟಿಪ್ ಚೆಂಡಿಗೆ ತಾಗಿರುವ ಸೆಕೆಂಡಿನ ಸಾವಿರದಲ್ಲೊಂದೆರಡು ಭಾಗದಷ್ಟು ಹೊತ್ತಿನಲ್ಲಿ ತಿರುಗುವ ಚೆಂಡು ಶಾಫ್ಟ್‌ನ ತುದಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆ ತುದಿ ಎಷ್ಟು ಭಾರವೋ ಚೆಂಡು ಅಷ್ಟೇ ಹೆಚ್ಚಾಗಿ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಲೋ ಡಿಫ್ಲೆಕ್ಷನ್ ಶಾಫ್ಟ್‌ಗಳಲ್ಲಿ ತುದಿಯೊಳಗೆ ಟೊಳ್ಳು ಮಾಡಿ, ಫೆರೂಲನ್ನು ಗಿಡ್ಡವಾಗಿ ಹಗುರವಾಗಿ ಮಾಡಿ ಈ ಭಾರವನ್ನೇ ಇಳಿಸಿರುತ್ತಾರೆ. ಆಗ ಗುರಿಯಲ್ಲಿ ಮಾಡಿಕೊಳ್ಳಬೇಕಾದ ತಿದ್ದುಪಡಿ ಕಡಿಮೆಯಾಗುತ್ತದೆ. ನೀವು ಸೈಡ್ ಹೊಡೆತಗಳನ್ನು ಈಗಷ್ಟೇ ಗಂಭೀರವಾಗಿ ಕಲಿಯುತ್ತಿದ್ದರೆ ಇಂಥ ಶಾಫ್ಟ್‌ನಲ್ಲೇ ಕಲಿಯುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ. ಪ್ರಿಡೇಟರ್ ರೆವೊ ಮೊದಲಾದ ಕಾರ್ಬನ್ ಶಾಫ್ಟ್‌ಗಳು ಈ ಹಣಕ್ಕೆ ನಿಲುಕುವುದಿಲ್ಲ, ಆದರೆ ಮರದ ಲೋ ಡಿಫ್ಲೆಕ್ಷನ್ ಶಾಫ್ಟ್ ಇರುವ, ಬಟ್ ಸಾದಾ ಆಗಿರುವ ಕ್ಯೂ ಹುಡುಕಿದರೆ ಸಿಗಬಹುದು.

ಟಿಪ್ 12.5ರಿಂದ 13 ಮಿ.ಮೀ. ಒಳಗಿರಲಿ, ಪದರದ ಚರ್ಮದ್ದಾಗಿರಲಿ, ಗಡಸುತನ ಮಧ್ಯಮವಾಗಿರಲಿ. ತೀರ ಮೃದುವಾದ ಟಿಪ್ ಬೇಗ ಅಣಬೆಯಂತೆ ಅಗಲವಾಗುತ್ತದೆ, ತೀರ ಗಡುಸಾದದ್ದರಲ್ಲಿ ಟಿಪ್ ಜಾರದಂತೆ ಹಚ್ಚುವ ಚಾಕ್ ನಿಲ್ಲುವುದಿಲ್ಲ.

ಶಾಫ್ಟ್ ಮತ್ತು ಬಟ್ ಕೂಡುವ ಜಾಯಿಂಟ್ ಯಾವುದೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. 5/16-18, 5/16-14, 3/8-10, ಯುನಿ-ಲಾಕ್, ರೇಡಿಯಲ್ ಎಂದು ಬೇರೆ ಬೇರೆ ಬಗೆಯ ತಿರುಪಿನ ಪಿನ್‌ಗಳಿದ್ದು, ಒಂದರ ಶಾಫ್ಟ್ ಇನ್ನೊಂದರ ಬಟ್‌ಗೆ ಕೂರುವುದಿಲ್ಲ. ಮುಂದೆ ಬಟ್ ಉಳಿಸಿಕೊಂಡು ಶಾಫ್ಟ್ ಮಾತ್ರ ಬದಲಿಸಲು ಹೊರಟಾಗ, ಯಾರೂ ಮಾಡದ ವಿಚಿತ್ರ ಪಿನ್ ನಿಮ್ಮ ಕ್ಯೂನಲ್ಲಿದ್ದರೆ ಬಟ್‌ಗೆ ಕೊಟ್ಟ ಹಣವೂ ವ್ಯರ್ಥವಾದಂತೆಯೇ.

ಭದ್ರಾವತಿ ಆಟಗಾರ:

ಸಾಗರದವರು ಬರೆದ ಕಾರಣಗಳೆಲ್ಲ ಸರಿ, ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ತುಂಗಾತೀರ ಅವರ ತೊಂದರೆ ದಿನಕ್ಕೊಂದು ಕ್ಯೂ ಹಿಡಿಯುವುದು. ನೇರವಾದ, ಸಾಮಾನ್ಯ ಗಟ್ಟಿ ಮೇಪಲ್ ಶಾಫ್ಟ್ ಕೂಡ ಪ್ರತಿ ಸಲವೂ ಒಂದೇ ರೀತಿಯಲ್ಲಿ ಚೆಂಡನ್ನು ಸರಿಸುತ್ತದೆ. ಆ ಸರಿಯುವಿಕೆಯನ್ನು ಕೈ ಕೆಲವೇ ತಿಂಗಳಲ್ಲಿ ಕಲಿತುಬಿಡುತ್ತದೆ. ಲೋ ಡಿಫ್ಲೆಕ್ಷನ್ ಎಂಬ ಹೆಸರಿಗಾಗಿ ಕಳಪೆ ಜಾಯಿಂಟ್ ಇರುವ ಅಗ್ಗದ ಕ್ಯೂ ಕೊಳ್ಳುವುದಕ್ಕಿಂತ ಅದೇ ಹಣಕ್ಕೆ ಚೆನ್ನಾಗಿ ಮಾಡಿದ ಸಾದಾ ಕ್ಯೂ ಕೊಳ್ಳುವುದು ಮೇಲು. ಎರಡೂ ಒಂದೇ ಗುಣಮಟ್ಟದಲ್ಲಿ, ಒಂದೇ ಬೆಲೆಗೆ ಸಿಕ್ಕರೆ ಅವರು ಹೇಳಿದ್ದನ್ನೇ ಆರಿಸಿಕೊಳ್ಳಿ.

ಹೊಸನಗರದವಳು:

ಇಷ್ಟೆಲ್ಲ ಚರ್ಚೆಯಲ್ಲಿ ನಮ್ಮ ಮಳೆಯ ಮಾತೇ ಬರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ, ತೀರ್ಥಹಳ್ಳಿ ಅದರ ನೆರೆಯ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿಗಳಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಚರ್ಮದ ಟಿಪ್‌ಗೂ ಚರ್ಮದ ಸುತ್ತಿಗೂ ಅದೇ ಗತಿ. ಆದ್ದರಿಂದ ಹಿಡಿಗೆ ಸುತ್ತಿಲ್ಲದ, ಬರಿ ಮರಕ್ಕೆ ಪಾಲಿಶ್ ಕೊಟ್ಟ ಕ್ಯೂ ನಮ್ಮ ಕಡೆಗೆ ಒಳ್ಳೆಯದು.

ಮರ ತೇವ ಹೀರಿದಾಗ ಉದ್ದದಲ್ಲಿ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಉಬ್ಬಿದರೆ ಶಾಫ್ಟ್ ಬಾಗುತ್ತದೆ. ತೇವ ಅತಿ ಬೇಗ ಒಳಹೋಗುವುದು ಮರವನ್ನು ಅಡ್ಡಕ್ಕೆ ಕೊಯ್ದ ಮುಖದಿಂದ, ಅಂದರೆ ಜಾಯಿಂಟ್‌ನ ತೆರೆದ ಬಾಯಿಯಿಂದ. ಕ್ಯೂ ಜೊತೆಯಲ್ಲಿಯೇ ಎರಡು ಜಾಯಿಂಟ್ ಪ್ರೊಟೆಕ್ಟರ್ ಕೊಳ್ಳಿ, ಆಟ ಮುಗಿದ ತಕ್ಷಣ ಎರಡೂ ತುಂಡುಗಳಿಗೆ ತಿರುಗಿಸಿ ಹಾಕಿ. ಬಟ್ಟೆಯ ಚೀಲ ಬೇಡ. ಗಟ್ಟಿ ಕೇಸ್ ಇರಲಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಹತ್ತಿರವೋ ಅಡಿಕೆ ಒಣಗಿಸುವ ಅಟ್ಟದ ಮೇಲೋ ಇಟ್ಟರೆ ಬೇಗ ಒಣಗುತ್ತದೆಂದು ಮನೆಯಲ್ಲಿ ಯಾರಾದರೂ ಹೇಳಿಯಾರು, ದಯವಿಟ್ಟು ಇಡಬೇಡಿ. ತೇವಕ್ಕಿಂತಲೂ ಒಮ್ಮೆಗೇ ತಾಗುವ ಶಾಖ ಮರವನ್ನು ಬೇಗ ಕೆಡಿಸುತ್ತದೆ.

ಜಿಟಿಜಿಟಿ ಮಳೆಯ ದಿನ ಶಾಫ್ಟ್ ಬೆರಳಿಗೆ ಅಂಟಿದಂತಾಗಿ ಸರಾಗವಾಗಿ ಜಾರುವುದಿಲ್ಲ. ಆಗ ಮರಳು ಕಾಗದ ಹಾಕಿ ಉಜ್ಜುವವರಿದ್ದಾರೆ. ಪ್ರತಿ ಉಜ್ಜಿಗೂ ಶಾಫ್ಟ್ ತೆಳ್ಳಗಾಗುತ್ತದೆ, ಕಳೆದ ಮರ ಮತ್ತೆ ಬರುವುದಿಲ್ಲ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಬಿಸಿಯಾಗುವಂತೆ ತಿಕ್ಕಿದರೆ ಸಾಕು, ಇಲ್ಲವಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಟೇಬಲ್ಲಿನ ಬಟ್ಟೆಯೂ ತೇವ ಹೀರಿ ಚೆಂಡು ನಿಧಾನವಾಗುತ್ತದೆ. ಜುಲೈಯಲ್ಲಿ ಹೊಸ ಕ್ಯೂ ಪರೀಕ್ಷಿಸಿದವರು ಅದಕ್ಕೆ ಬಲ ಸಾಲದೆಂದು ಭಾವಿಸಿ 21 ಔನ್ಸಿನದನ್ನು ಆರಿಸುತ್ತಾರೆ. ಬೇಸಿಗೆ ಬಂದಾಗ ಅದು ಕೈಗೆ ಭಾರವಾಗುತ್ತದೆ. ಸಾಧ್ಯವಾದರೆ ಮಳೆ ಹಿಂದಾದ ಮೇಲೆ ಕೊಳ್ಳಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ದೀಪಾವಳಿಯವರೆಗೆ ಕಾಯುತ್ತೇನೆ. ಸುತ್ತಿಲ್ಲದ ಬಟ್, 19 ಔನ್ಸ್, 3/8-10 ಜಾಯಿಂಟ್ ಎಂದು ನಿರ್ಧರಿಸಿದ್ದೇನೆ. ಶಾಫ್ಟ್ ವಿಷಯದಲ್ಲಿ ಭದ್ರಾವತಿಯವರ ಮಾತನ್ನು ಒಪ್ಪಿ, ಗುಣಮಟ್ಟ ನೋಡಿ ಆರಿಸುತ್ತೇನೆ. ಒಂದು ವೇಳೆ ಬೆಂಗಳೂರಿಗೆ ಹೋಗಲಾಗದೆ ಆನ್‌ಲೈನ್‌ನಲ್ಲಿ ತರಿಸಿದರೆ ಬಂದ ಮೇಲೆ ಏನೇನು ಪರೀಕ್ಷಿಸಬೇಕು?

ಸಾಗರದವನು:

ಪಾರ್ಸೆಲ್ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ. ಆಮೇಲೆ ಪಾರ್ಲರ್‌ನ ಸಮತಟ್ಟಾದ ಟೇಬಲ್ಲಿನ ಮೇಲೆ ಮೊದಲು ಶಾಫ್ಟ್, ಬಳಿಕ ಬಟ್, ಕೊನೆಗೆ ಜೋಡಿಸಿದ ಇಡೀ ಕ್ಯೂವನ್ನು ಮೆಲ್ಲಗೆ ಉರುಳಿಸಿ, ಕಣ್ಣನ್ನು ಬಟ್ಟೆಯ ಮಟ್ಟಕ್ಕೆ ತಂದು ಶಾಫ್ಟ್‌ನ ಕೆಳಗೆ ಕಾಣುವ ಬೆಳಕಿನ ಗೆರೆಯನ್ನು ನೋಡಿ. ಉರುಳುವಾಗ ಆ ಗೆರೆ ಒಂದೇ ಸಮನಾಗಿದ್ದರೆ ಕ್ಯೂ ನೇರವಾಗಿದೆ. ಅಗಲವಾಗುತ್ತ ಕಿರಿದಾಗುತ್ತ ಇದ್ದರೆ ಬಾಗಿದೆ. ತುಂಡುಗಳು ಬೇರೆ ಬೇರೆಯಾಗಿ ನೇರವಿದ್ದು ಜೋಡಿಸಿದಾಗ ಕುಣಿದರೆ ದೋಷ ಜಾಯಿಂಟ್‌ನದು, ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಜೋಡಿಸಿದ ಮೇಲೆ ಉಗುರನ್ನು ಜಾಯಿಂಟ್‌ನ ಸುತ್ತ ಎಳೆದು ನೋಡಿ, ಎಲ್ಲಿಯೂ ಮೆಟ್ಟಿಲಿನಂತೆ ತಡೆಯಬಾರದು. ಬಟ್ ಹಿಡಿದು ಅಂಗೈಯಿಂದ ಮೆಲ್ಲಗೆ ತಟ್ಟಿದಾಗ ಗಿರಗಿರ ಸದ್ದು ಬಂದರೆ ಒಳಗಿನ ಬೋಲ್ಟೋ ಪಿನ್ನೋ ಸಡಿಲವಿದೆ. ಇಷ್ಟೆಲ್ಲ ಮುಗಿಯುವವರೆಗೆ ಟಿಪ್‌ಗೆ ಚಾಕ್ ಹಚ್ಚಬೇಡಿ, ಏಕೆಂದರೆ ಚಾಕ್ ಹತ್ತಿದ ಕ್ಯೂವನ್ನು ಬಳಸಿದ್ದೆಂದು ಹೇಳಿ ಮಾರಿದವರು ವಾಪಸು ತೆಗೆದುಕೊಳ್ಳದೆ ಇರಬಹುದು.