ಒಂದೇ ಅಳತೆಯ ಸರ್ವರ್‌ಗಳು, ಆದರೂ ಮೆಮೊರಿ ಫ್ಯಾಕ್ಟ್ ನಂಬಿದ ಟೆಂಪ್ಲೇಟ್ ಸುಮ್ನೆ ಡೇಟಾಬೇಸ್ ರೀಸ್ಟಾರ್ಟ್ ಮಾಡುತ್ತಿದೆ

ಪ್ಲೇಬುಕ್_ಪಾಡು:

ನಮಸ್ಕಾರ. ನಮ್ಮಲ್ಲಿ ಒಂದಷ್ಟು ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್ ಸರ್ವರ್‌ಗಳಿವೆ. ಎಲ್ಲವೂ 16 ಜಿಬಿಯ ವರ್ಚುವಲ್ ಮಷೀನ್‌ಗಳು. ಕಾನ್ಫಿಗ್ ಎಲ್ಲ ಆನ್ಸಿಬಲ್‌ನಿಂದಲೇ (ಬಹಳ ಮಷೀನ್‌ಗಳನ್ನು ಒಟ್ಟಿಗೆ ಸಜ್ಜು ಮಾಡುವ ಟೂಲ್, ಅದರ ಕೆಲಸಗಳ ಪಟ್ಟಿಯೇ ಪ್ಲೇಬುಕ್) ಹೋಗುತ್ತದೆ. ಬಫರ್ ಪೂಲ್ (ಡೇಟಾಬೇಸ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶ್) ಎಷ್ಟಿರಬೇಕು ಎಂದು ಕೈಯಲ್ಲಿ ಬರೆದಿಲ್ಲ. ಟೆಂಪ್ಲೇಟ್ (ಕಾನ್ಫಿಗ್ ಫೈಲ್‌ನ ಅಚ್ಚು) ಒಳಗೆ ಮೆಮ್‌ಟೋಟಲ್_ಎಂಬಿ ಫ್ಯಾಕ್ಟ್ (ಆನ್ಸಿಬಲ್ ಮಷೀನಿನಿಂದಲೇ ಕೇಳಿ ತಿಳಿಯುವ ಮಾಹಿತಿ) ತೆಗೆದುಕೊಂಡು 0.7ರಿಂದ ಗುಣಿಸುತ್ತೇವೆ. ಫೈಲ್ ಬದಲಾದರೆ ಹ್ಯಾಂಡ್ಲರ್ (ಬದಲಾವಣೆ ಆದಾಗ ಮಾತ್ರ ಓಡುವ ಕೆಲಸ) ಡೇಟಾಬೇಸ್ ರೀಸ್ಟಾರ್ಟ್ ಮಾಡುತ್ತದೆ.

ಮೊನ್ನೆ ಲಾಗಿನ್ ಬ್ಯಾನರ್‌ನ ಒಂದು ಸಾಲು ಬದಲಾಯಿಸಬೇಕಿತ್ತು. ಪ್ಲೇಬುಕ್ ಓಡಿಸಿದರೆ ಕೆಲವು ಮಷೀನ್‌ಗಳಲ್ಲಿ ಡೇಟಾಬೇಸ್ ಕಾನ್ಫಿಗ್ ಕೂಡ ಬದಲಾಗಿದೆ ಎಂದು ಹಳದಿ ಸಾಲು ಬಂತು, ನಡುಹಗಲಲ್ಲೇ ರೀಸ್ಟಾರ್ಟ್ ಆಯಿತು. ಬ್ಯಾನರ್‌ಗೂ ಬಫರ್ ಪೂಲ್‌ಗೂ ಏನು ಸಂಬಂಧ? ನೋಡಿದರೆ 11193 ಎಂಬಿ ಇದ್ದದ್ದು 11188 ಆಗಿದೆ. ಅಷ್ಟೇ. ಅದಕ್ಕೂ ಮುಂಚಿನ ವಾರ ಆ ಮಷೀನ್‌ಗಳಿಗೆ ಕರ್ನಲ್ ಅಪ್‌ಡೇಟ್ ಆಗಿತ್ತು, ಬೇರೆ ಯಾರೂ ಏನೂ ಮುಟ್ಟಿಲ್ಲ.

ಇನ್ನೂ ಎರಡು ಕಾಟಗಳಿವೆ. ಮೆಮೊರಿ 16384 ಅಥವಾ ಜಾಸ್ತಿ ಇದ್ದರೆ ದೊಡ್ಡ ಪ್ರೊಫೈಲ್ ಹಾಕು ಅಂತ ಒಂದು ಕಂಡೀಷನ್ ಇದೆ, ಅದು ಒಂದು ಮಷೀನ್‌ನಲ್ಲೂ ನಿಜವಾಗುವುದಿಲ್ಲ. ಮತ್ತೆ, ಎರಡು ನೆಟ್‌ವರ್ಕ್ ಕಾರ್ಡ್ ಇರುವ ಕಡೆ ಡೀಫಾಲ್ಟ್_ಐಪಿವಿ4 ಫ್ಯಾಕ್ಟ್ ಒಳಗಿನ ಅಡ್ರೆಸ್ ಬದಲು ಹೊರಗಿನದನ್ನು ಕೊಡುತ್ತದೆ, ರೆಪ್ಲಿಕೇಷನ್ (ಪ್ರೈಮರಿ ಡೇಟಾಬೇಸ್‌ನಿಂದ ರೆಪ್ಲಿಕಾಗೆ ನಕಲು ಹೋಗುವುದು) ಕೂರುವುದಿಲ್ಲ.

ತಂಡದ ಸೀನಿಯರ್ ಒಬ್ಬರು ಫ್ಯಾಕ್ಟ್ಸ್ ಸಹವಾಸವೇ ಬೇಡ, ಎಲ್ಲವನ್ನೂ ಗ್ರೂಪ್ ವೇರಿಯಬಲ್‌ನಲ್ಲಿ ಬರೆದಿಡು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಮಷೀನ್‌ಗೆ ಗೊತ್ತಿರುವುದನ್ನು ನಾನು ಯಾಕೆ ಮತ್ತೆ ಟೈಪ್ ಮಾಡಬೇಕು? ನೀವೆಲ್ಲ ಏನು ಮಾಡುತ್ತೀರಿ?

ಹಳೇಟರ್ಮಿನಲ್:

ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸರಿ. ಯಾವ ಅರ್ಧ ಅಂತ ಹೇಳುತ್ತೇನೆ.

ಮೊದಲ ಎರಡು ಕಾಟಕ್ಕೂ ಮೂಲ ಒಂದೇ. ಆ ಫ್ಯಾಕ್ಟ್ ಬರುವುದು ಪ್ರೋಕ್ ಕೆಳಗಿನ ಮೆಮ್‌ಇನ್ಫೋ ಫೈಲ್‌ನ ಮೆಮ್‌ಟೋಟಲ್ ಸಾಲಿನಿಂದ. ಅದು ನೀವು ದುಡ್ಡು ಕೊಟ್ಟು ತೆಗೆದುಕೊಂಡ ಮೆಮೊರಿ ಅಲ್ಲ. ಕರ್ನಲ್ ಬೂಟ್ ಆಗುವಾಗ ತನ್ನ ಕೋಡ್‌ಗೆ, ಫರ್ಮ್‌ವೇರ್ ಕಾದಿರಿಸಿದ ಜಾಗಕ್ಕೆ, ಇನ್ನಷ್ಟಕ್ಕೆ ಎತ್ತಿಟ್ಟು ಮಿಕ್ಕಿದ್ದನ್ನು ಅಲ್ಲಿ ತೋರಿಸುತ್ತದೆ. ಹಾಗಾಗಿ 16 ಜಿಬಿ ಮಷೀನ್ 16384 ಅಂತ ಹೇಳುವುದೇ ಇಲ್ಲ, ಯಾವಾಗಲೂ ಸ್ವಲ್ಪ ಕಡಿಮೆ. ನಿಮ್ಮ ಲೆಕ್ಕ ಹಿಂದಕ್ಕೆ ಹಾಕಿದರೆ ಮೊದಲು 15990 ಇತ್ತು, ಈಗ 15983 ಆಸುಪಾಸು. ಹೊಸ ಕರ್ನಲ್ ಏಳು ಎಂಬಿ ಹೆಚ್ಚಿಗೆ ಎತ್ತಿಟ್ಟಿದೆ. ಕ್ರ್ಯಾಶ್‌ಕರ್ನಲ್ (ಕರ್ನಲ್ ಕುಸಿದಾಗ ಬೇಕೆಂದು ಮೊದಲೇ ಕಾದಿರಿಸುವ ಮೆಮೊರಿ) ಆನ್ ಮಾಡಿ ನೋಡಿ, ಇನ್ನೂ ದೊಡ್ಡ ತುಂಡೇ ಹೋಗುತ್ತದೆ.

ಈಗ ನಗು ಬರುವ ಭಾಗ. ಮೈಎಸ್‌ಕ್ಯೂಎಲ್ ನೀವು ಬರೆದ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಬಫರ್ ಪೂಲ್ ಚಂಕ್ ಸೈಜ್ (ಪೂಲ್ ಕಟ್ಟುವ ತುಂಡಿನ ಅಳತೆ) ಡೀಫಾಲ್ಟ್ 128 ಎಂಬಿ. ಪೂಲ್ 1 ಜಿಬಿ ಮೇಲಿದ್ದರೆ 8.0ರಲ್ಲಿ ಇನ್‌ಸ್ಟೆನ್ಸ್ (ಪೂಲ್‌ನ ಭಾಗಗಳು) 8. ಎರಡನ್ನೂ ಗುಣಿಸಿದರೆ 1024 ಎಂಬಿ. ನೀವು ಏನೇ ಕೊಟ್ಟರೂ ಅದನ್ನು ಮೇಲಿನ 1024ರ ಗುಣಕಕ್ಕೆ ಏರಿಸುತ್ತದೆ. 11193 ಕೊಟ್ಟರೂ 11264, 11188 ಕೊಟ್ಟರೂ 11264! ಅಂದರೆ ರೀಸ್ಟಾರ್ಟ್ ಆಗಿ ಬಂದ ಮೇಲೂ ಒಳಗೆ ಒಂದು ಬೈಟ್ ಬದಲಾಗಿಲ್ಲ. ಬಿಸಿಯಾಗಿದ್ದ ಕ್ಯಾಶ್ ಹೋಗಿದ್ದಷ್ಟೇ ಲಾಭ.

ಅದಕ್ಕೇ ಫ್ಯಾಕ್ಟ್ ಬಿಡಬೇಡಿ, ಹಸಿ ಫ್ಯಾಕ್ಟನ್ನು ಫೈಲ್‌ಗೆ ಬಿಡಬೇಡಿ. 1024ರಿಂದ ಭಾಗಿಸಿ, ರೌಂಡ್ ಫಿಲ್ಟರ್‌ನಲ್ಲಿ ಸೀಲ್ ಕೊಟ್ಟು ಮೇಲಕ್ಕೆ ಏರಿಸಿ, ಇಂಟ್ ಮಾಡಿ. 15990 ಇರಲಿ 15983 ಇರಲಿ, 16 ಅಂತಲೇ ಬರುತ್ತದೆ. ಇದನ್ನು ಒಂದು ಸಲ ರೋಲ್‌ನ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಟೆಂಪ್ಲೇಟ್‌ನಲ್ಲಿ 16ರ ಶೇಕಡಾ 70 ತೆಗೆದು ಕೆಳಕ್ಕೆ ಇಳಿಸಿ 11 ಜಿಬಿ ಅಂತ ಬರೆಯಿರಿ. ದೊಡ್ಡ ಪ್ರೊಫೈಲ್‌ನ ಕಂಡೀಷನ್‌ಗೂ ಇದೇ ವೇರಿಯಬಲ್ ಸಾಕು, 16 ಅಥವಾ ಜಾಸ್ತಿ ಅಂತ ಬರೆದರೆ ಕೆಲಸ ಮಾಡುತ್ತದೆ.

ರೀಸ್ಟಾರ್ಟ್ ಹ್ಯಾಂಡ್ಲರ್ ಬಗ್ಗೆಯೂ ಯೋಚಿಸಿ. 5.7ರಿಂದ ಬಫರ್ ಪೂಲನ್ನು ಸರ್ವರ್ ಓಡುತ್ತಿರುವಾಗಲೇ ಬದಲಾಯಿಸಬಹುದು. ಮೈಎಸ್‌ಕ್ಯೂಎಲ್_ವೇರಿಯಬಲ್ಸ್ ಮಾಡ್ಯೂಲ್ ಇರುವುದೇ ಇಂಥದ್ದಕ್ಕೆ. ನಾನಂತೂ ಡೇಟಾಬೇಸ್ ರೀಸ್ಟಾರ್ಟನ್ನು ಹ್ಯಾಂಡ್ಲರ್ ಕೈಗೆ ಕೊಡುವುದಿಲ್ಲ. ಅದಕ್ಕೆ ಬೇರೆ ಪ್ಲೇಬುಕ್, ಬೇರೆ ಹೊತ್ತು.

ಸೀನಿಯರ್ ಹೇಳಿದ್ದರಲ್ಲಿ ತಪ್ಪು ಅರ್ಧ, ಸರಿ ಅರ್ಧ ಹೀಗೆ: ಮಷೀನ್ ಎಷ್ಟು ದೊಡ್ಡದು ಅನ್ನುವುದನ್ನು ಮಷೀನನ್ನೇ ಕೇಳಿ. ಅದು ಪ್ರೈಮರಿಯೋ ರೆಪ್ಲಿಕಾವೋ, ಪ್ರೊಡಕ್ಷನ್ನೋ ಟೆಸ್ಟೋ ಅನ್ನುವುದನ್ನು ಇನ್ವೆಂಟರಿಯಲ್ಲಿ (ಆನ್ಸಿಬಲ್‌ಗೆ ಕೊಡುವ ಮಷೀನ್‌ಗಳ ಪಟ್ಟಿ) ನೀವೇ ಬರೆಯಿರಿ. ಹೋಸ್ಟ್‌ನೇಮ್ ಕತ್ತರಿಸಿ ಅದರಿಂದ ರೋಲ್ ಊಹಿಸುವ ಪ್ಲೇಬುಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಸರಿಡುವ ಪದ್ಧತಿ ಬದಲಾದ ದಿನ ಅವೆಲ್ಲ ಒಟ್ಟಿಗೆ ಮಲಗುತ್ತವೆ.

ರೂಟ್_ಟೇಬಲ್:

ಐಪಿ ವಿಷಯ ನಾನು ಹೇಳುತ್ತೇನೆ. ಡೀಫಾಲ್ಟ್_ಐಪಿವಿ4 ಅಂದರೆ ಮುಖ್ಯ ಅಡ್ರೆಸ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಆನ್ಸಿಬಲ್ ಮಾಡುವುದು ಇಷ್ಟೇ: 8.8.8.8ಕ್ಕೆ ಹೋಗಬೇಕಾದರೆ ಯಾವ ದಾರಿ ಅಂತ ಐಪಿ ರೂಟ್ ಕಮಾಂಡನ್ನು ಕೇಳುತ್ತದೆ, ಆ ದಾರಿಯ ಕಾರ್ಡಿನ ಅಡ್ರೆಸ್ ಕೊಡುತ್ತದೆ. ಹೊರಗಿನ ಕಾರ್ಡ್ ಬಂದರೆ ಅದು ತಪ್ಪಲ್ಲ, ಕೇಳಿದ್ದೇ ಅದು. ಡೀಫಾಲ್ಟ್ ರೂಟ್ ಇಲ್ಲದ ಮಷೀನ್‌ನಲ್ಲಿ ಆ ಫ್ಯಾಕ್ಟ್ ಖಾಲಿ ಬಂದರೂ ಆಶ್ಚರ್ಯ ಪಡಬೇಡಿ.

ಕಾರ್ಡಿನ ಹೆಸರು ಹಿಡಿದು ಹೋಗಬೇಡಿ, ಮಷೀನಿಂದ ಮಷೀನಿಗೆ ಹೆಸರು ಬೇರೆ ಇರುತ್ತದೆ. ಆಲ್_ಐಪಿವಿ4_ಅಡ್ರೆಸಸ್ ಪಟ್ಟಿ ತೆಗೆದುಕೊಂಡು, ಐಪಿಅಡ್ರ್ ಫಿಲ್ಟರ್‌ಗೆ ನಿಮ್ಮ ಒಳಗಿನ ಸಬ್‌ನೆಟ್ ಕೊಟ್ಟು, ಮೊದಲನೆಯದನ್ನು ಆರಿಸಿ. ಪ್ಲೇಬುಕ್ ಓಡಿಸುವ ಮಷೀನ್‌ನಲ್ಲಿ ಪೈಥಾನ್‌ನ ನೆಟ್‌ಅಡ್ರ್ ಲೈಬ್ರರಿ ಇರಬೇಕು.

ರೆಪ್ಲಿಕಾದ ಟೆಂಪ್ಲೇಟ್‌ನಲ್ಲಿ ಪ್ರೈಮರಿಯ ಅಡ್ರೆಸನ್ನು ಹೋಸ್ಟ್‌ವಾರ್ಸ್ (ಬೇರೆ ಮಷೀನಿನ ಫ್ಯಾಕ್ಟ್ ಓದುವ ದಾರಿ) ಮೂಲಕ ತೆಗೆಯುತ್ತಿದ್ದೀರಾ? ಹಾಗಿದ್ದರೆ ಲಿಮಿಟ್ ಹಾಕಿ ಒಂದೇ ರೆಪ್ಲಿಕಾ ಮೇಲೆ ಓಡಿಸಿದ ದಿನ ಅದು ಒಡೆಯುತ್ತದೆ. ಆ ಓಟದಲ್ಲಿ ಪ್ರೈಮರಿಯನ್ನು ಮುಟ್ಟಿಯೇ ಇಲ್ಲ, ಫ್ಯಾಕ್ಟ್ ಎಲ್ಲಿಂದ ಬರಬೇಕು? ಫ್ಯಾಕ್ಟ್ ಕ್ಯಾಶ್ ಆನ್ ಮಾಡಬಹುದು. ಆದರೆ ಅದರ ಆಯಸ್ಸು ಡೀಫಾಲ್ಟ್ ಆಗಿ 86400 ಸೆಕೆಂಡ್. ಗ್ಯಾದರಿಂಗ್ ಸ್ಮಾರ್ಟ್ (ಕ್ಯಾಶ್‌ನಲ್ಲಿ ಇದ್ದರೆ ಮತ್ತೆ ಕೇಳಬೇಡ) ಅಂತಲೂ ಇಟ್ಟಿದ್ದರೆ, ಬೆಳಿಗ್ಗೆ ಮೆಮೊರಿ ಏರಿಸಿ ಮಧ್ಯಾಹ್ನ ಓಡಿಸಿದಾಗ ನಿನ್ನೆಯ ಲೆಕ್ಕವೇ ಬರುತ್ತದೆ.

ಗ್ರೇನ್ಸ್_ಗಿರಾಕಿ:

ಆನ್ಸಿಬಲ್‌ನವರು ಜಾಸ್ತಿ ತಲೆ ಕೆಡಿಸಿಕೊಳ್ಳದ ಒಂದು ವಿಷಯ ಸೇರಿಸುತ್ತೇನೆ. ನಾನು ಸಾಲ್ಟ್ ಬಳಸುವವನು, ಅದಕ್ಕೂ ಮುಂಚೆ ಪಪೆಟ್, ಎರಡೂ ಆನ್ಸಿಬಲ್ ಥರದ ಟೂಲ್‌ಗಳೇ. ಸಾಲ್ಟ್‌ನ ಗ್ರೇನ್ಸ್ ಅನ್ನಿ, ಪಪೆಟ್‌ನ ಫ್ಯಾಕ್ಟರ್ ಅನ್ನಿ, ಶೆಫ್‌ನ ಓಹಾಯ್ ಅನ್ನಿ, ಎಲ್ಲವೂ ಮಷೀನ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಆ ಮಷೀನ್‌ನಲ್ಲಿ ರೂಟ್ (ಪೂರ್ಣ ಅಧಿಕಾರ) ಇರುವವರು ಏನು ಬೇಕಾದರೂ ಹೇಳಿಸಬಹುದು. ಗ್ರೇನ್ಸ್ ಫೈಲ್‌ನಲ್ಲಿ ರೋಲ್ ಡೇಟಾಬೇಸ್ ಅಂತ ಒಂದು ಸಾಲು ಬರೆದರೆ ಮುಗಿಯಿತು. ಆ ಗ್ರೇನ್ ನೋಡಿ ಪಿಲ್ಲರ್‌ನಿಂದ (ಸಾಲ್ಟ್ ಮಾಸ್ಟರ್ ಮಷೀನ್‌ಗಳಿಗೆ ಹಂಚುವ ಮಾಹಿತಿ) ಪಾಸ್‌ವರ್ಡ್ ಕೊಡುತ್ತಿದ್ದರೆ ಅವರ ಕೈಗೂ ಅದು ಹೋಗುತ್ತದೆ. ಮಿನಿಯನ್ (ಸಾಲ್ಟ್ ನಿಭಾಯಿಸುವ ಮಷೀನ್) ಐಡಿ ನೋಡಿ ಕೊಡಿ, ಅದಕ್ಕೆ ಮಾಸ್ಟರ್ ಒಪ್ಪಿದ ಕೀ ಇರುತ್ತದೆ. ಪಪೆಟ್‌ನಲ್ಲಿ ಟ್ರಸ್ಟೆಡ್ ಅನ್ನುವ ವೇರಿಯಬಲ್ ಬೇರೆಯೇ ಇರುವುದು ಇದಕ್ಕೇ. ಅದು ನೋಡ್ ಕಳಿಸಿದ ಫ್ಯಾಕ್ಟ್‌ನಿಂದ ಬರುವುದಿಲ್ಲ, ಸರ್ಟಿಫಿಕೇಟ್‌ನಿಂದ ಬರುತ್ತದೆ.

ಇನ್ನೊಂದು ಸಣ್ಣದು. ಓಎಸ್ ವರ್ಷನ್ ಫ್ಯಾಕ್ಟ್ ಸಂಖ್ಯೆಯಂತೆ ಕಂಡರೂ ಅದು ಅಕ್ಷರಗಳ ಸಾಲು. ಹಾಗೇ ಹೋಲಿಸಿದರೆ 10 ಅನ್ನುವುದು 9ಕ್ಕಿಂತ ಚಿಕ್ಕದು. ರೆಡ್ ಹ್ಯಾಟ್ 10 ಬಂದಮೇಲೆ ಎಷ್ಟು ಪ್ಲೇಬುಕ್‌ಗಳಲ್ಲಿ ಇದು ಕೂತಿದೆಯೋ!

ಪ್ಲೇಬುಕ್_ಪಾಡು:

ಎಲ್ಲರಿಗೂ ಥ್ಯಾಂಕ್ಸ್. ರೌಂಡ್ ಮಾಡಿ ಚೆಕ್ ಮತ್ತು ಡಿಫ್ (ನಿಜವಾಗಿ ಬದಲಾಯಿಸದೆ, ಏನು ಬದಲಾಗುತ್ತದೆ ಎಂದಷ್ಟೇ ತೋರಿಸುವ ಆಯ್ಕೆಗಳು) ಹಾಕಿ ಓಡಿಸಿದೆ. ಒಂದು ಸಲ ಎಲ್ಲ ಕಡೆ 11 ಜಿಬಿಗೆ ಬದಲಾಗುವಂತೆ ತೋರಿಸುತ್ತಿದೆ, ಅದನ್ನು ಮೆಂಟೆನೆನ್ಸ್ ಹೊತ್ತಿಗೆ ಇಟ್ಟುಕೊಂಡಿದ್ದೇನೆ. ರೀಸ್ಟಾರ್ಟ್ ಹ್ಯಾಂಡ್ಲರ್ ತೆಗೆದೆ. ಐಪಿಯೂ ಸರಿಹೋಯಿತು.

ಬ್ಯಾನರ್ ಕೆಲಸಕ್ಕೆ ಬೇರೆ ಪ್ಲೇಬುಕ್ ಮಾಡಿ ಗ್ಯಾದರ್ ಫ್ಯಾಕ್ಟ್ಸ್ ಆಫ್ ಮಾಡಿದೆ, ಎಷ್ಟು ಬೇಗ ಮುಗಿಯುತ್ತದೆ! ಡೇಟಾಬೇಸ್ ಪ್ಲೇಬುಕ್‌ನಲ್ಲಿ ನೆಟ್‌ವರ್ಕ್ ಸಬ್‌ಸೆಟ್ ಮಾತ್ರ ಕೇಳಿದರೆ ಮೆಮೊರಿ ಫ್ಯಾಕ್ಟ್ ಇಲ್ಲ ಅಂತ ಎರರ್ ಬಂತು, ಅದು ಹಾರ್ಡ್‌ವೇರ್ ಸಬ್‌ಸೆಟ್‌ನಲ್ಲಿದೆಯಂತೆ. ಎರಡನ್ನೂ ಸೇರಿಸಿದೆ.

ಒಂದು ಉಳಿದಿದೆ. ಟೆಸ್ಟ್‌ಗೆ ಡಾಕರ್ ಕಂಟೇನರ್‌ಗಳಿವೆ, ಒಂದೊಂದಕ್ಕೂ 2 ಜಿಬಿ ಮಿತಿ. ಅಲ್ಲಿ ಫ್ಯಾಕ್ಟ್ 64 ಜಿಬಿ ಅನ್ನುತ್ತದೆ. ಅದು ಹೋಸ್ಟ್‌ನ ಮೆಮೊರಿ ಅಲ್ವಾ?

ಹಳೇಟರ್ಮಿನಲ್:

ಹೌದು, ಹೋಸ್ಟ್‌ನದ್ದೇ. ಡಾಕರ್ ಒಳಗೆ ಮೆಮ್‌ಇನ್ಫೋ ಓದಿದರೆ ಹೋಸ್ಟ್‌ನ ಲೆಕ್ಕವೇ ಕಾಣುತ್ತದೆ. ಎಲ್‌ಎಕ್ಸ್‌ಸಿ ಅನ್ನುವ ಇನ್ನೊಂದು ಬಗೆಯ ಕಂಟೇನರ್‌ನಲ್ಲಿ ಎಲ್‌ಎಕ್ಸ್‌ಸಿಎಫ್‌ಎಸ್ ಇದ್ದರೆ ಮಿತಿಯ ಲೆಕ್ಕ ತೋರಿಸುತ್ತದೆ, ಡಾಕರ್ ತಾನಾಗಿ ಹಾಗೆ ಮಾಡುವುದಿಲ್ಲ. ಮೊದಲಿನ ಟೆಂಪ್ಲೇಟ್ ಅಲ್ಲಿ ಓಡಿದ್ದರೆ 2 ಜಿಬಿ ಕಂಟೇನರ್‌ಗೆ 44 ಜಿಬಿ ಬಫರ್ ಪೂಲ್ ಬರೆಯುತ್ತಿತ್ತು.

ಲೋಕಲ್ ಫ್ಯಾಕ್ಟ್ ಮಾಡಿಕೊಳ್ಳಿ. ಇಟಿಸಿ ಕೆಳಗಿನ ಆನ್ಸಿಬಲ್ ಫೋಲ್ಡರ್‌ನ ಫ್ಯಾಕ್ಟ್ಸ್.ಡಿ ಒಳಗೆ ಒಂದು ಸಣ್ಣ ಸ್ಕ್ರಿಪ್ಟ್ ಇಡಿ. ಹೆಸರಿನ ಕೊನೆಯಲ್ಲಿ ಡಾಟ್ ಫ್ಯಾಕ್ಟ್ ಇರಬೇಕು, ಎಕ್ಸಿಕ್ಯೂಟ್ ಪರ್ಮಿಷನ್ ಬೇಕು, ಜೇಸನ್ ಪ್ರಿಂಟ್ ಮಾಡಬೇಕು. ಸಿಗ್ರೂಪ್ (ಕರ್ನಲ್ ಮಿತಿ ಹಾಕುವ ವ್ಯವಸ್ಥೆ) ವಿ2 ಆದರೆ ಮೆಮೊರಿ.ಮ್ಯಾಕ್ಸ್ ಫೈಲ್ ಓದಿದರೆ ಮಿತಿ ಬೈಟ್‌ಗಳಲ್ಲಿ ಸಿಗುತ್ತದೆ. ಆನ್ಸಿಬಲ್_ಲೋಕಲ್ ಕೆಳಗೆ ಅದು ಬರುತ್ತದೆ, ಅದಿದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಮೆಮ್‌ಟೋಟಲ್ ಅಂತ ಬರೆಯಿರಿ. ಸ್ಕ್ರಿಪ್ಟನ್ನು ಅದೇ ಪ್ಲೇನಲ್ಲಿ ಕಾಪಿ ಮಾಡುತ್ತಿದ್ದರೆ, ಕಾಪಿ ಆದಮೇಲೆ ಸೆಟಪ್ ಮಾಡ್ಯೂಲ್ ಇನ್ನೊಮ್ಮೆ ಕರೆಯಿರಿ. ಫ್ಯಾಕ್ಟ್ಸ್ ಸೇರಿಸುವುದು ಪ್ಲೇ ಶುರುವಿನಲ್ಲಿ ಮಾತ್ರ.

ಮಿತಿ ಹಾಕದ ಕಂಟೇನರ್‌ನಲ್ಲಿ ಆ ಫೈಲ್‌ನಲ್ಲಿ ಸಂಖ್ಯೆ ಇರುವುದಿಲ್ಲ, ಮ್ಯಾಕ್ಸ್ ಅನ್ನುವ ಪದ ಇರುತ್ತದೆ. ಸ್ಕ್ರಿಪ್ಟ್‌ನಲ್ಲಿ ಅದಕ್ಕೂ ಒಂದು ಇಫ್ ಹಾಕಿ.