ಗಾಲ್‌ಬ್ಲ್ಯಾಡರ್ ತೆಗೆಸಿದ ಮೇಲೆ ಎಣ್ಣೆ, ತುಪ್ಪ ತಿನ್ನಬಹುದಾ? ಅನುಭವ ಇದ್ದವರು ಹೇಳಿ

ಅಮ್ಮನಿಗೆ ಗಾಲ್‌ಬ್ಲ್ಯಾಡರ್‌ನಲ್ಲಿ ಕಲ್ಲು ಇತ್ತು, ಆಪರೇಷನ್ ಮಾಡಿ ತೆಗೆದರು. ಅನ್ನ-ಸಾರು ತಿಂದರೆ ಆರಾಮ. ಪೂರಿ, ಮದುವೆ ಊಟ ಅಂದರೆ ಎಲೆ ಬಿಟ್ಟು ಎದ್ದ ಸ್ವಲ್ಪ ಹೊತ್ತಿಗೇ ಭೇದಿ. ಯಾರೋ ಹೆದರಿಸಿದ್ದಾರೆ ಅಂತ ಈಗ ಒಗ್ಗರಣೆಯನ್ನೂ ಬಿಟ್ಟಿದ್ದಾರೆ. ಇದು ಸರೀನಾ?

ಆಪರೇಷನ್ ಆದವರೊಬ್ಬರು:
ಒಗ್ಗರಣೆ ಬಿಡೋದು ಬೇಡ ಕಣ್ರೀ. ನನಗೂ ತೆಗೆದಿದ್ದಾರೆ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಲೀಟರ್. ಅದು ನಿಲ್ಲುವುದಿಲ್ಲ. ಗಾಲ್‌ಬ್ಲ್ಯಾಡರ್ ಅದನ್ನು ಗಟ್ಟಿ ಮಾಡಿ ಕೂಡಿಡುವ ಚೀಲ ಅಷ್ಟೇ. ಜಿಡ್ಡು ಸಣ್ಣ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನ್ ಹೊರಟು ಆ ಚೀಲವನ್ನು ಹಿಂಡಿಸುತ್ತಿತ್ತು. ಪಿತ್ತರಸ ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ, ಪ್ಯಾಂಕ್ರಿಯಾಸ್‌ನಿಂದ ಬರುವ ಲೈಪೇಸ್ ಅನ್ನುವ ಕಿಣ್ವ ಆ ಹನಿಗಳನ್ನು ಒಡೆಯುತ್ತದೆ.

ಈಗ ನಮ್ಮದು ಟ್ಯಾಂಕ್ ಇಲ್ಲದ ಮನೆ. ನಲ್ಲಿಯಲ್ಲಿ ಸಣ್ಣಗೆ ನೀರು ಬರುತ್ತಲೇ ಇರುತ್ತದೆ, ಒಂದೇ ಸಲ ಬಕೆಟ್ ಕೇಳಿದರೆ ಕಷ್ಟ. ಅದಕ್ಕೇ ದಿನದ ಎಣ್ಣೆಯನ್ನು ಮೂರ್ನಾಲ್ಕು ಸಣ್ಣ ಊಟಗಳಿಗೆ ಹಂಚಿ. ದೋಸೆಗೆ ಒಂದು ಚಮಚ ತುಪ್ಪ ನನಗೆ ಏನೂ ಮಾಡುವುದಿಲ್ಲ. ಬಜ್ಜಿ, ಒಬ್ಬಟ್ಟು, ಅದರ ಮೇಲೆ ತುಪ್ಪ, ಎಲ್ಲ ಒಟ್ಟಿಗೆ ಆದರೆ ಮಾತ್ರ ಹೊಟ್ಟೆ ಕೇಳುವುದಿಲ್ಲ. ಮೊದಲ ಕೆಲವು ವಾರ ಜಾಸ್ತಿ ಎಚ್ಚರ ಬೇಕು. ಆಮೇಲೆ ಹೆಚ್ಚಿನವರಿಗೆ ಹೊಂದಿಕೊಳ್ಳುತ್ತದೆ.

ಇನ್ನೊಂದು, ಎಣ್ಣೆ ಪೂರ್ತಿ ಬಿಟ್ಟರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದು ಕಷ್ಟ. ಅವು ಜಿಡ್ಡಿನ ಜೊತೆಗೇ ಒಳಗೆ ಹೋಗುವಂಥವು.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು:
"ಗಾಲ್‌ಬ್ಲ್ಯಾಡರ್ ಇಲ್ಲದವರಿಗೆ ಕೊಬ್ಬು ಮೈಗೆ ಹತ್ತುವುದೇ ಇಲ್ಲ" ಅಂತ ನಂಬಿ ಸಿಕ್ಕಿದ್ದೆಲ್ಲ ತಿನ್ನುವವರೂ ಇದ್ದಾರೆ. ಹತ್ತುತ್ತದೆ ಸ್ವಾಮಿ! ಒಡೆದ ಕೊಬ್ಬನ್ನು ಕರುಳಿನ ಜೀವಕೋಶಗಳು ಮತ್ತೆ ಜೋಡಿಸಿ, ಕೈಲೋಮೈಕ್ರಾನ್ ಅನ್ನುವ ಕಣಗಳಾಗಿ ಕಟ್ಟುತ್ತವೆ. ಅವು ಸೀದಾ ರಕ್ತಕ್ಕೆ ಹೋಗುವುದಿಲ್ಲ. ಮೊದಲು ದುಗ್ಧನಾಳಗಳಿಗೆ (ರಕ್ತವಲ್ಲದ ತಿಳಿ ದ್ರವ ಹರಿಯುವ ಬೇರೆ ಕೊಳವೆಗಳು), ಅಲ್ಲಿಂದ ಎದೆಯೊಳಗೆ ಮೇಲೇರಿ, ಕತ್ತಿನ ಬುಡದಲ್ಲಿ ಎಡಗಡೆಯ ದೊಡ್ಡ ರಕ್ತನಾಳಕ್ಕೆ ಸೇರುತ್ತವೆ. ಊಟ ಆಗಿ ಮೂರ್ನಾಲ್ಕು ಗಂಟೆಗೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರಿರುತ್ತದೆ. ಭಾರಿ ಊಟ ಮಾಡಿ ಬಂದವರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಹಾಲು ಬೆರೆಸಿದ ಹಾಗೆ ಕಾಣುವುದೂ ಉಂಟು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ನಾವು ಹೇಳಿದ್ದರೆ ಸುಮ್ನೆ ಅಲ್ಲ. ಅಮ್ಮನಿಗೂ ಲಿಪಿಡ್ ಟೆಸ್ಟ್ (ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ) ಬರೆದಿದ್ದರೆ ಹಿಂದಿನ ರಾತ್ರಿ ಹಗುರವಾಗಿ ಉಣ್ಣಲಿ, 9ರಿಂದ 12 ಗಂಟೆ ಬಿಡುವಿರಲಿ.

ಮಂಗಳೂರಿನ ಓದುಗರು:
ನಮ್ಮ ಕಡೆ ತೆಂಗಿನೆಣ್ಣೆ ಆದರೆ ಪಿತ್ತರಸವೇ ಬೇಡ ಅನ್ನುತ್ತಾರೆ. ಪೂರ್ತಿ ನಿಜ ಅಲ್ಲ. ಅದರಲ್ಲಿರುವ, ಅಣುವಿನ ಸರಪಳಿ ಗಿಡ್ಡಗಿರುವ ಸ್ವಲ್ಪ ಕೊಬ್ಬು ಸೀದಾ ಲಿವರ್‌ಗೆ ಹೋಗುತ್ತದೆ, ಸರಿ. ಆದರೆ ಅರ್ಧದಷ್ಟಿರುವ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲದ ಬಹುಪಾಲು ಬೇರೆ ಎಣ್ಣೆಯ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ಧಾರಾಳವಾಗಿ ಸುರಿಯಬೇಡಿ.

ನನ್ನ ಅತ್ತೆಗೆ ಭೇದಿ ನಿಲ್ಲಲೇ ಇಲ್ಲ. ಪಿತ್ತರಸದ ಆಮ್ಲ ದೊಡ್ಡ ಕರುಳಿಗೆ ಜಾಸ್ತಿ ಇಳಿದರೆ ಹೀಗಾಗುತ್ತದಂತೆ. ಅದನ್ನು ಹಿಡಿದಿಡುವ ಪುಡಿಯೊಂದನ್ನು ಡಾಕ್ಟರ್ ಬರೆದುಕೊಟ್ಟ ಮೇಲೆ ಸರಿಹೋಯಿತು. ಅಮ್ಮನದೂ ವಾರಗಟ್ಟಲೆ ಎಳೆದರೆ ತೋರಿಸಿ. ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ಬಲಪಕ್ಕೆಯ ಕೆಳಗೆ ತಡೆಯಲಾರದ ನೋವು ಬಂದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.