ಕಾಲಿನ ಹರಡು ಉಳುಕಿದೆ: ಎಕ್ಸ್‌-ರೇ ಬೇಕೇ?

ಪ್ರಶ್ನೆ: ವಾಲಿಬಾಲ್‌ನಲ್ಲಿ ನೆಟ್ ಬಳಿ ಜಿಗಿದು ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟ ನನ್ನ ತಮ್ಮನ ಹರಡು ಒಳಮುಖವಾಗಿ ಹೊರಳಿ, ಹೊರಬದಿ ಊದಿಕೊಂಡಿದೆ. ಮನೆಯವರು ಎಣ್ಣೆ ಹಚ್ಚಿ ನೀವಬೇಕೆನ್ನುತ್ತಿದ್ದಾರೆ. ಎಕ್ಸ್‌-ರೇ ಅಗತ್ಯವೇ?

ಉತ್ತರ 1: ದಯವಿಟ್ಟು ಈಗ ನೀವಬೇಡಿ, ಮೊದಲ ಎರಡು-ಮೂರು ದಿನ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ಬೆರಳುಗಳು ಜೋಮು ಹಿಡಿದರೆ ಪಟ್ಟಿಯನ್ನು ತಕ್ಷಣ ಸಡಿಲಿಸಿ.

ಉತ್ತರ 2: ಗಾಯವಾದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಇಕ್ಕೆಲದ ಉಬ್ಬುಮೂಳೆಗಳ ಹಿಂಬದಿಯ ಅಂಚನ್ನಾಗಲಿ, ಕಿರುಬೆರಳ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಸಿಗುವ ಮೂಳೆಯ ಉಬ್ಬನ್ನಾಗಲಿ ಒತ್ತಿದಾಗ ನೋವೆನಿಸಿದರೆ, ಎಕ್ಸ್‌-ರೇ ಮಾಡಿಸಲೇಬೇಕು. ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಒಟ್ಟಾವಾ ನಿಯಮಗಳ ತಿರುಳು ಇದೇ. ಊತ ಎಷ್ಟಿದೆ ಎಂಬುದರಿಂದ ಮೂಳೆ ಮುರಿದಿದೆಯೇ ಎಂದು ತೀರ್ಮಾನಿಸಲಾಗದು.

ಪ್ರಶ್ನೆ ಕೇಳಿದವರು: ಕುಂಟುತ್ತಲೇ ಆದರೂ ನಡೆಯುತ್ತಿದ್ದಾನೆ, ಮೂಳೆ ಒತ್ತಿದರೆ ನೋವಿಲ್ಲ. ಮತ್ತೆ ಉಳುಕದಂತೆ ಏನು ಮಾಡಬೇಕು?

ಉತ್ತರ 3: ನೋವು ತಗ್ಗಿದ ಮಾತ್ರಕ್ಕೆ ಆಟಕ್ಕಿಳಿಯುವುದೇ ಮರುಉಳುಕಿಗೆ ದಾರಿ. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವುದನ್ನು, ಆಮೇಲೆ ಕಣ್ಣು ಮುಚ್ಚಿ, ಕೈಗೆ ಆಸರೆ ಸಿಗುವಂತೆ ನಿಲ್ಲುವುದನ್ನು ರೂಢಿಸಿಕೊಳ್ಳಲಿ. ಆಡುವಾಗ ಕೆಲವು ತಿಂಗಳು ಲೇಸ್ ಬಿಗಿಯುವ ಆಂಕಲ್ ಬ್ರೇಸ್ ಧರಿಸಲಿ.